ಗಿಬ್ಸನ್ ಬೇಸ್‌ಗಳ ಚರ್ಚೆ: ಸದಸ್ಯರಿಗೆ ಸೂಚನೆ

ಗೆಳೆಯರೇ, ಗಿಟಾರ್ ಕಂಪನಿ ಗಿಬ್ಸನ್‌ನ ಹೊಸ ಬೇಸ್‌ಗಳ (ದಪ್ಪ ತಂತಿಯ, ಕೆಳದನಿಯ ಗಿಟಾರ್‌ಗಳ) ಬಗ್ಗೆ ಮಾತು ಜೋರಾಗಿದೆ. ‘ಚೆನ್ನಾಗಿಲ್ಲ’ ಅಂತಷ್ಟೇ ಬರೆದು ಬಿಡಬೇಡಿ. ಯಾಕೆ ಅಂತಲೂ ಹೇಳಿ.

ನನ್ನ ಅಭಿಪ್ರಾಯ ಇದು. ಗಿಬ್ಸನ್‌ನದೇ ಲೆಸ್ ಪಾಲ್, ಎಸ್‌ಜಿ ಗಿಟಾರ್‌ಗಳ ಹಳೇ ಆಕಾರಕ್ಕೆ ಸುಮ್ನೆ ನಾಲ್ಕು ದಪ್ಪ ತಂತಿ ಹಾಕಿದರೆ ಹೊಸ ವಿನ್ಯಾಸ ಆಗುವುದಿಲ್ಲ. ಬೇಸ್‌ನ ಕತ್ತು ಉದ್ದ, ತಲೆ ಭಾರ. ದೇಹದ ಮೇಲಿನ ಕೊಂಬು (ಕತ್ತಿನ ಪಕ್ಕದ ಚೂಪು ಭಾಗ) ಮುಂದಕ್ಕೆ ಚಾಚಿರದಿದ್ದರೆ, ಸ್ಟ್ರಾಪ್ ಹಾಕಿ ನಿಂತಾಗ ಕತ್ತು ಕೆಳಗೆ ವಾಲುತ್ತದೆ. ನುಡಿಸಬೇಕಾದ ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋಲುತ್ತದೆ. ಇನ್ನೊಂದು ಕಂಪನಿ ಫೆಂಡರ್‌ನ ಪ್ರಿಸಿಷನ್ ಬೇಸ್‌ನಲ್ಲಿ ಆ ಉದ್ದನೆಯ ಕೊಂಬು 1951ರಲ್ಲೇ ಇತ್ತು!

ಗಿಬ್ಸನ್‌ಗೆ ಕಲ್ಪನೆ ಇರಲಿಲ್ಲ ಅಂತಲ್ಲ. 1963ರ ಅದರ ಥಂಡರ್‌ಬರ್ಡ್ ಬೇಸ್ ನೋಡಿ. ಕಾರುಗಳ ವಿನ್ಯಾಸಕಾರ ರೇ ಡೀಟ್ರಿಕ್ ರೂಪಿಸಿದ್ದು. 34 ಇಂಚಿನ ಸ್ಕೇಲ್ (ತಂತಿ ಕಂಪಿಸುವ ಉದ್ದ), ಕತ್ತಿನ ಮರವೇ ದೇಹದ ತುದಿವರೆಗೂ ಹಾಯುತ್ತದೆ. ಅದರ ಕತ್ತೂ ವಾಲುತ್ತದೆ, ನಿಜ. ಆದರೆ ದೂರದಿಂದಲೇ ಗುರುತು ಸಿಗುತ್ತದೆ ಅಲ್ವಾ? ಅಂಥ ಧೈರ್ಯ ಈಗ ಕಾಣುತ್ತಿಲ್ಲ. ಬಣ್ಣ ಬದಲಾಗುತ್ತದೆ, ಯೋಚನೆ ಬದಲಾಗುವುದಿಲ್ಲ. ಇದು ನನಗೆ ನಿಜವಾಗಿಯೂ ಬೇಸರ.

ಚಿಕ್ಕ ಸ್ಕೇಲ್ ಇಷ್ಟಪಡುವವರನ್ನು ಯಾರೂ ಹೀಗಳೆಯಬೇಡಿ. ಗಿಬ್ಸನ್‌ನ 30.5 ಇಂಚಿನ ಇಬಿ-3 ಬೇಸ್‌ನ ದಪ್ಪ ದನಿಗೆ ಅದರದ್ದೇ ಜಾಗ ಇದೆ. ಬೆರಳಿಗೂ ಶ್ರಮ ಕಡಿಮೆ.

ಫೋಟೋ ಜಾಸ್ತಿ ಆಗಿವೆ. ನುಡಿಸಿ ನೋಡಿದವರು ತೂಕ, ಸಮತೋಲನ, ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಭಾಗದ) ದನಿ ಹೇಗಿತ್ತು ಅಂತ ಬರೆಯಿರಿ. ಧ್ವನಿ ತುಣುಕು ಹಾಕುವುದಾದರೆ ದನಿ ಬದಲಿಸುವ ಎಫೆಕ್ಟ್ಸ್ ಇಲ್ಲದೆ ಹಾಕಿ.