ಕ್ಯಾಶುವಾಲ್ಟಿಗೆ ಹೊರಟ ಪುಟ್ಟಿಗೆ

ಹಾಸನ

ಚಿ॥ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಮೂಡಿಗೆರೆ ಕಡೆ ಕ್ಯಾಶುವಾಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸೆಯ ವಿಭಾಗದಲ್ಲಿ, ನರ್ಸ್ ಡ್ಯೂಟಿ ಬಿದ್ದಿದೆ ಅಂತ ನಿನ್ನಮ್ಮ ಹೇಳಿದಳು. ವಾರ್ಡಿನಲ್ಲಿ ಯಾರನ್ನು ಮೊದಲು ನೋಡಬೇಕು ಅಂತ ಚಾರ್ಟ್ ಹೇಳುತ್ತೆ, ಕ್ಯಾಶುವಾಲ್ಟಿಯಲ್ಲಿ ನೀನೇ ಗೊತ್ತುಮಾಡಬೇಕು. ಕೈ ಮುರಿದುಕೊಂಡು ಬೊಬ್ಬೆ ಹೊಡೆಯುವವನ ಸುತ್ತ ಹತ್ತು ಜನ ನಿಂತಿರುತ್ತಾರೆ. ಮೂಲೆಯ ಬೆಂಚಿನಲ್ಲಿ ಬೆವೆತು ಸುಮ್ಮನೆ ಕೂತ ಅಜ್ಜನನ್ನು ಯಾರೂ ಗಮನಿಸಿರಲ್ಲ. ಬೊಬ್ಬೆ ಹೊಡೆಯುವವನಿಗೆ ಉಸಿರಿದೆ ಅಂತ ಅವನ ಬೊಬ್ಬೆಯೇ ಹೇಳುತ್ತೆ. ನೀನು ಅಜ್ಜನ ಹತ್ತಿರ ಹೋಗು.

ಉಸಿರಿನ ದಾರಿ, ಉಸಿರಾಟ, ರಕ್ತದ ಓಟ, ಪ್ರಜ್ಞೆ: ಈ ಸಾಲು ನೀನು ಓದಿದ್ದೇ. ಎಡವುವುದು ಎಣಿಸುವಲ್ಲಿ. ಎಲ್ಲರ ಶೀಟಿನಲ್ಲೂ ಉಸಿರಾಟ 20 ಅಂತ ಗೀಚುವ ಚಾಳಿ ಇದೆ. ಸೆಕೆಂಡಿನ ಮುಳ್ಳಿರುವ ವಾಚ್ ಕಟ್ಟಿಕೋ, ಪೂರ್ತಿ ಒಂದು ನಿಮಿಷ ಎದೆ ನೋಡಿ ಎಣಿಸು. 25 ಮುಟ್ಟಿದರೂ 8ಕ್ಕೆ ಇಳಿದರೂ, ಬಿಪಿ ಸರಿ ಇದ್ದರೂ, ಡಾಕ್ಟರನ್ನು ಕರಿ. ಬಿಪಿ ಕುಸಿಯುವುದು ತಡವಾಗಿ. ಮಳೆಯಲ್ಲಿ ನೆನೆದು ಬೆರಳು ತಣ್ಣಗಾಗಿದ್ದರೆ ಆಕ್ಸಿಮೀಟರ್ ಸುಳ್ಳು ಹೇಳುತ್ತೆ. ಅದು ತೋರಿಸುವ ನಾಡಿಯೂ ನೀನು ಕೈಯಲ್ಲಿ ಹಿಡಿದ ನಾಡಿಯೂ ಹೊಂದಿದರೆ ಮಾತ್ರ ಬರೆದುಕೋ.

ಪ್ರಜ್ಞೆ ಇಲ್ಲದವರಿಗೆಲ್ಲ ಶುಗರ್ ನೋಡು, 'ಕುಡಿದಿದ್ದಾನೆ ಬಿಡಿ ಸಿಸ್ಟರ್' ಅಂದಾಗಲಂತೂ ತಪ್ಪದೆ. ಎದೆನೋವಿಗೆ 10 ನಿಮಿಷದೊಳಗೆ ಇಸಿಜಿ. ಬಿಪಿ ನೋಡದೆ ನಾಲಿಗೆ ಕೆಳಗೆ ಮಾತ್ರೆ ಇಡಬೇಡ.

ಇವು ಎಲ್ಲ ಊರಲ್ಲೂ ಇದ್ದದ್ದೇ. ತೋಟದ ಸೀಮೆಯದು ಬೇರೆ. ಗಿಡಕ್ಕೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿ ಬಂದವರಲ್ಲಿ ಬಾಯಲ್ಲಿ ನೊರೆ, ಸೂಜಿಮೊನೆಯಷ್ಟಾದ ಕಣ್ಣುಪಾಪೆ, ಗೊರಗೊರ ಎನ್ನುವ ಎದೆ ಕಂಡರೆ ಕೀಟನಾಶಕ ಅಂದುಕೋ. ಎಲ್ಲರೂ ಹೊಟ್ಟೆ ತೊಳೆಯುವ ಟ್ಯೂಬ್ ಹುಡುಕುತ್ತಾರೆ. ಪ್ರಜ್ಞೆ ಇಲ್ಲದವರಿಗೆ ಅದನ್ನೇ ಮೊದಲು ಹಾಕಿದರೆ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿಯುತ್ತೆ. ಎಡಮಗ್ಗುಲಿಗೆ ಹೊರಳಿಸಿ ಬಾಯಿಯ ನೊರೆಯನ್ನು ಸಕ್ಷನ್ ಮೆಷಿನ್ನಿಂದ ಹೀರಿಸು, ಒಂದು ಸಲಕ್ಕೆ 10-15 ಸೆಕೆಂಡು ಸಾಕು. ಗ್ಲೌಸ್, ಏಪ್ರನ್ ಹಾಕಿಕೊಂಡು ಬಟ್ಟೆ ಪೂರ್ತಿ ತೆಗೆಸಿ, ಕೂದಲು, ಕಿವಿಯ ಹಿಂದೆ, ಉಗುರುಸಂದಿ ಸೋಪುನೀರಲ್ಲಿ ತೊಳೆ. ಚರ್ಮದಿಂದಲೂ ವಿಷ ಇಳಿಯುತ್ತಲೇ ಇರುತ್ತೆ.

ಈ ವಿಷಕ್ಕೆ ಕೊಡುವ ಮದ್ದು ಅಟ್ರೊಪಿನ್. ಅದರ ಒಂದು ಆಂಪ್ಯೂಲಿನಲ್ಲಿರುವುದು (ಗಾಜಿನ ಪುಟ್ಟ ಸೀಸೆ) 0.6 ಮಿಲಿಗ್ರಾಂ. ಡಾಕ್ಟರು 3 ಆಂಪ್ಯೂಲಿಂದ ಶುರುಮಾಡಿ 5 ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡಿದರೆ 3, 6, 12, 24: ಕಾಲು ಗಂಟೆಯಲ್ಲಿ 45 ಖಾಲಿ. ಹಾಗಾಗಿ ಮೊದಲ ಡೋಸ್ ಎಳೆಯುವಾಗಲೇ ಸ್ಟೋರಿಗೆ ಆಳು ಕಳಿಸು. ಗುರಿ ಎದೆ ತಿಳಿಯಾಗುವುದು, ನಾಡಿ 80 ದಾಟುವುದು. ಕಣ್ಣುಪಾಪೆ ಅರಳಿತು ಅಂತ ನಿಲ್ಲಿಸುವುದಲ್ಲ. ಆಮೇಲೆ ರೋಗಿ ಒದ್ದಾಡತೊಡಗಿದರೆ ಕೈಕಾಲು ಕಟ್ಟುವ ಮೊದಲು ಕಿಬ್ಬೊಟ್ಟೆ ಮುಟ್ಟಿನೋಡು. ಎಷ್ಟೋ ಸಲ ಮೂತ್ರ ಕಟ್ಟಿರುತ್ತೆ.

ಡಬ್ಬಿ ತಂದಿದ್ದರೆ ಲೇಬಲ್ ನೀನೇ ಓದು. ಪ್ಯಾರಾಕ್ವಾಟ್ ಎಂಬ ಕಳೆನಾಶಕವಾದರೆ ಲೆಕ್ಕ ತಿರುಗುಮುರುಗು. ಆಕ್ಸಿಜನ್ನೇ ಶ್ವಾಸಕೋಶ ಸುಡುವ ಆ ವಿಷಕ್ಕೆ ಕುಮ್ಮಕ್ಕು ಕೊಡುತ್ತೆ. ಅಭ್ಯಾಸಬಲದಿಂದ ಮಾಸ್ಕ್ ಇಡಬೇಡ, ಡಾಕ್ಟರನ್ನು ಕೇಳು.

ಹಾವು ಕಚ್ಚಿದವರಿಗೆ 2 ಎಂಎಲ್ ರಕ್ತ ತೆಗೆದು ಹೊಸ, ಒಣ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಒಂದೇ ಸಲ ವಾಲಿಸಿ ನೋಡು. ಹೆಪ್ಪುಗಟ್ಟದೆ ನೀರಾಗೇ ಇದ್ದರೆ ವಿಷ ರಕ್ತಕ್ಕೇರಿದೆ ಅಂತ. ಸೋಪುಪುಡಿಯಲ್ಲಿ ತೊಳೆದ ಟ್ಯೂಬೋ ಪ್ಲಾಸ್ಟಿಕ್ಕೋ ಆದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟಲ್ಲ. ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಬಾಟಲಿಯನ್ನು ಕುಲುಕಿದರೆ ನೊರೆಯೇಳುತ್ತೆ, ಅಂಗೈಗಳ ನಡುವೆ ಉರುಳಿಸು. ಡ್ರಿಪ್ ಬಿಡುವ ಮುಂಚೆ ಅಡ್ರಿನಲಿನ್ 0.5 ಎಂಎಲ್ ಸಿರಿಂಜಿಗೆ ಎಳೆದು, ಹೆಸರು ಬರೆದು, ತಲೆದಸಿಯಲ್ಲಿಡು. ತುರಿಕೆ, ದದ್ದು, ಗಂಟಲು ಬಿಗಿತ ಬಂದರೆ ಡ್ರಿಪ್ ನಿಲ್ಲಿಸಿ ತೊಡೆಯ ಸ್ನಾಯುವಿಗೆ ಕೊಡಬೇಕು. ನಮ್ಮ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೇ. ಕಾಫಿಗಿಡದ ಬುಡದ ತರಗಿನಲ್ಲಿ ಮಲಗುವ ಮೂಗು ಮೇಲೆತ್ತಿದ ಗುಳಿಮಂಡಲಕ್ಕೆ ಅದು ನಾಟಲ್ಲ. ಮೊಬೈಲಿನಲ್ಲಿ ಹಾವಿನ ಫೋಟೊ ಇದ್ದರೆ ಡಾಕ್ಟರಿಗೆ ತೋರಿಸು. ಹಾವು ಹಿಡಿದು ತನ್ನಿ ಅಂತ ಮಾತ್ರ ಯಾರನ್ನೂ ಅಟ್ಟಬೇಡ.

ರೋಗಿಯನ್ನು ಹಾಸನಕ್ಕೆ ಕಳಿಸುವಾಗ ಆಂಬುಲೆನ್ಸಿನ ಆಕ್ಸಿಜನ್ ಸಿಲಿಂಡರ್ ಮುಳ್ಳು ನೋಡು. ಬಿ-ಟೈಪ್ ಸಿಲಿಂಡರಿಗೆ ನೀರು ಹಿಡಿಸುವುದು ಸುಮಾರು 10 ಲೀಟರ್. ಮೀಟರ್ ಬಾರ್ ಲೆಕ್ಕದಲ್ಲಿ ತೋರಿಸುವ ಅಂಕಿಯನ್ನು ಆ 10ರಿಂದ ಗುಣಿಸಿದರೆ ಉಳಿದಿರುವ ಆಕ್ಸಿಜನ್ ಎಷ್ಟು ಲೀಟರ್ ಅಂತ ಸಿಗುತ್ತೆ. ಮುಳ್ಳು 50ರಲ್ಲಿದ್ದರೆ 500 ಲೀಟರ್, ನಿಮಿಷಕ್ಕೆ 10 ಲೀಟರ್ ಬಿಟ್ಟರೆ 50 ನಿಮಿಷ. ಬೇಲೂರು ದಾಟುವ ಹೊತ್ತಿಗೆ ಮುಗಿಯುತ್ತೆ. ಬದಲಿಸಿಯೇ ಗಾಡಿ ಬಿಡು.

ಇತಿ,
ನಿನ್ನ ದೊಡ್ಡಮ್ಮ