ಗಾಳ ಹಿಡ್ಕೊಂಡು ಕಾರವಾರಕ್ಕೆ ಹೊರಟೋರಿಗೆ

ಮಾನ್ಯ ಸಂಪಾದಕರೇ,

ನಿಮ್ಮ ವಾರಾಂತ್ಯದ ಪುರವಣೀಲಿ ಚಳಿಗಾಲದಲ್ಲಿ ಕಡಲ ದಡದಲ್ಲಿ ಗಾಳ ಹಾಕೋದರ ಬಗ್ಗೆ ಬಂದಿದ್ದ ಬರಹ ಓದ್ದೆ. ಬೆಂಗಳೂರಿನ ಹುಡುಗ್ರು ಶುಕ್ರವಾರ ರಾತ್ರಿ ಬಸ್ ಹತ್ತಿ ಕಾರವಾರ, ಗೋಕರ್ಣ ಅಂತ ಹೋಗ್ತಾರೆ, ಬರೆದಿದ್ದು ಒಳ್ಳೇದೇ. ಆದ್ರೆ ಚಳಿಗೆ ನೀರು ತಣ್ಣಗಾಗಿ ಮೀನು ಮಂಕಾಗಿ ಆಳಕ್ಕಿಳಿಯುತ್ತೆ, ಗುಂಡಿ ಹುಡುಕಿ ಗಾಳ ನಿಧಾನಕ್ಕೆ ಎಳೀಬೇಕು ಅಂತೆಲ್ಲ ಇರೋದು ಯಾವುದೋ ಹಿಮ ಬೀಳೋ ದೇಶದ ವಿಡಿಯೋ ನೋಡಿ ಬರೆದಂಗಿದೆ. ಬೆಂಗಳೂರಲ್ಲಿ ಬೆಳಿಗ್ಗೆ 15 ಡಿಗ್ರಿ, ನಾವು ಸ್ವೆಟರ್ ಹಾಕ್ಕೊಂಡು ವಾಕಿಂಗ್ ಹೋಗ್ತೀವಿ ಅಂತ ಕಾರವಾರದ ಕಡಲೂ ನಡುಗುತ್ತಾ? ಜನವರೀಲೂ ಅಲ್ಲಿ ನೀರು 27-28 ಡಿಗ್ರಿ ಆಸುಪಾಸಲ್ಲೇ ಇರುತ್ತೆ. ನಮ್ಮ ಕರಾವಳೀಲಿ ನೀರು ತಣ್ಣಗಾಗೋದು ಮಳೆಗಾಲದಲ್ಲಿ ಸ್ವಾಮಿ, ಮೇಲ್ನೀರು ದಡದಿಂದ ಆಚೆ ಸರಿದು ಆಳದ ತಣ್ಣೀರು ಮೇಲೆ ಬರುತ್ತೆ, ಅದರ ಸತ್ವಕ್ಕೆ ಪ್ಲಾಂಕ್ಟನ್ (ನೀರಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳು) ಹುಟ್ಟುತ್ತೆ, ಅದನ್ನ ತಿನ್ನೋಕೆ ಬೂತಾಯಿ, ಬಂಗುಡೆ ದಡದ ಹತ್ರ ಬರೋದು.

ಹಾಗಾದ್ರೆ ಚಳಿಗಾಲದಲ್ಲಿ ಬದಲಾಗೋದೇನು ಅಂದ್ರೆ ಗಾಳಿ ಮತ್ತೆ ಉಪ್ಪು. ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತೆ, ಅಲೆ ಸಣ್ಣದು, ನೀರು ತಿಳಿ. ಮಧ್ಯಾಹ್ನ ಪಡುವಣ ಗಾಳಿ ಎದ್ರೆ ಎಲ್ಲಾ ಕಲಕಿಬಿಡುತ್ತೆ, ರೂಮಲ್ಲಿ ಹತ್ತು ಗಂಟೆವರೆಗೆ ಮಲಗಿ ಹೋಗೋರಿಗೆ ಏನೂ ಸಿಗಲ್ಲ (ಸಿಗಲೂಬಾರದು). ಇನ್ನು ಕಾಳಿ, ಅಘನಾಶಿನಿ, ಶರಾವತಿ ಯಾವ ಅಳಿವೆನೇ (ಹೊಳೆ ಕಡಲು ಸೇರೋ ಜಾಗ) ಇರ್ಲಿ, ಮಳೇಲಿ ಕೆಂಪು ಸಿಹಿನೀರು ತುಂಬಿರುತ್ತೆ, ಮಳೆ ನಿಂತ ಮೇಲೆ ಉಪ್ಪುನೀರು ಹೊಳೆ ಒಳಗೆ ಏರುತ್ತೆ, ಜತೆಗೆ ಕಡಲ ಮೀನೂ. ಉಬ್ಬರ ಶುರುವಾದ ಹೊತ್ತಲ್ಲಿ ಸಣ್ಣ ಗಾಳಕ್ಕೆ ಸಿಗಡಿ ಚೂರು ಚುಚ್ಚಿ ಮರಳು ತಳಕ್ಕೆ ಬಿಡಿ, ಕಾಣೆ ಮೀನು ಕಚ್ಚುತ್ತೆ, ಬಂಡೆ ಇರೋ ಕಡೆ ಕೆಂಬೇರಿ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಅಳಿವೆ ಬಾಯಲ್ಲಿ ಸೆಳೆತ ಜೋರು, ಈಜು ಬಂದ್ರೂ ಸೊಂಟದ ನೀರಿಗಿಳಿದು ನಿಲ್ಲೋ ಹುಚ್ಚು ಬೇಡ.

ನನಗೆ ಬೇಜಾರಾಗಿದ್ದು ಇದಲ್ಲ, ಕೈರಂಪಣಿ ಬಗ್ಗೆ ಒಂದು ಸಾಲೂ ಇಲ್ಲದ್ದು. ದೋಣೀಲಿ ಬಲೆ ಸುತ್ತು ಹಾಕಿ ಎರಡೂ ತುದಿ ಹಿಡಿದು ಜನ ಮರಳ ಮೇಲೆ ನಿಂತು ಎಳೆಯೋ ಮೀನುಗಾರಿಕೆ ಅದು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನ ಕಡಲಲ್ಲೇ ಬಲೆಯಿಂದ ಸುತ್ತಿ ಹಿಡಿಯೋ ಪರ್ಸೀನ್ ಬೋಟ್ ಬಂದ್ಮೇಲೆ ದೊಡ್ಡ ರಂಪಣಿ ಹೋಯ್ತು, ಉಳಿದಿರೋದು ಈ ಸಣ್ಣದು, ಕೈರಂಪಣಿಯೋರು ನಂಬ್ಕೊಂಡಿರೋದೂ ಕಡಲು ಸುಮ್ಮನಿರೋ ಇದೇ ತಿಂಗಳುಗಳನ್ನ. ಬಲೆ ಎಳೆಯೋ ಜಾಗದಲ್ಲಿ ನಾವು ಸಾಲಾಗಿ ರಾಡ್ ನೆಟ್ಟು ಕೂತ್ರೆ ಗಾಳ ಸಿಕ್ಕಿ ಬಲೆ ಹರಿಯುತ್ತೆ, ಅದನ್ನ ಕೂತು ಹೆಣೆಯೋರು ಅವರು, ನಾವು ಭಾನುವಾರ ರಾತ್ರಿ ಬಸ್ ಹತ್ತಿರ್ತೀವಿ. ದೋಣಿ ಕಂಡ್ರೆ ಮೊದಲು ಹೋಗಿ "ಅಣ್ಣಾ, ಎಲ್ಲಿ ಹಾಕ್ತೀರಿ" ಅಂತ ಕೇಳಬೇಕು, ಮೀನು ಎಲ್ಲಿದೆ ಅಂತ ಅವರೇ ಹೇಳಿದ್ರೂ ಹೇಳಬಹುದು.

ಕೊನೇದಾಗಿ, ಶುಕ್ರವಾರದ ಬೆಂಗಳೂರು ಆವೃತ್ತೀಲಿ ಹವಾಮಾನದ ಪಕ್ಕ ಕಾರವಾರ, ಮಲ್ಪೆಯ ಉಬ್ಬರ ಇಳಿತದ ಟೈಮ್ ಹಾಕಿ, ಕರಾವಳಿ ಆವೃತ್ತಿಯೋರನ್ನ ಕೇಳಿದ್ರೆ ಐದು ನಿಮಿಷದ ಕೆಲಸ.

– ಒಬ್ಬ ಓದುಗ, ವಿಜಯನಗರ, ಬೆಂಗಳೂರು