ಇಂಚು ಒಂದೇ ನೋಡಿ ವೀಲ್ ತಗೊಂಡ್ರೆ ಕೂರಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾಹನ ಪುರವಣಿಯಲ್ಲಿ ಸ್ಪೋರ್ಟಿ ಕಾರುಗಳಿಗೆ ಹಾಕ್ಸೋ ಅಲಾಯ್ ವೀಲ್ ಬಗ್ಗೆ ಬಂದ ಬರಹ ಓದ್ದೆ. ಫೋಟೋಗಳು ಸಖತ್ತಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇಡೀ ಪುಟ ಹುಡುಕಿದ್ರೂ ಸಿಕ್ಕಿದ್ದು 17 ಇಂಚು, 18 ಇಂಚು, ಕಪ್ಪು ಬಣ್ಣ, ಕಂಚಿನ ಬಣ್ಣ, ಇಷ್ಟೇ. ವೀಲ್ ಕಾರಿಗೆ ಕೂರುತ್ತೋ ಇಲ್ವೋ ಅಂತ ತೀರ್ಮಾನ ಮಾಡೋ ಅಳತೆಗಳು ಒಂದೂ ಇಲ್ಲ. ಇದನ್ನ ಓದಿದ ಹುಡುಗರು ಇಂಚು ನೋಡ್ಕೊಂಡು ದುಡ್ಡು ಕೊಟ್ಟು ತಂದು, ಆಮೇಲೆ ಫೆಂಡರ್ (ಚಕ್ರದ ಮೇಲಿರೋ ಬಾಡಿ ಭಾಗ) ಉಜ್ಜುತ್ತೆ, ಸ್ಟೇರಿಂಗ್ ನಡುಗುತ್ತೆ ಅಂತ ಒದ್ದಾಡ್ತಾರೆ. ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕ್ಬೇಡಿ.

ಮೊದಲು ಬೋಲ್ಟ್ ಲೆಕ್ಕ, ಅಂದ್ರೆ ಪಿಸಿಡಿ. ಎಷ್ಟು ಬೋಲ್ಟು, ಅವು ಕೂತಿರೋ ವೃತ್ತದ ವ್ಯಾಸ ಎಷ್ಟು ಅನ್ನೋದು. 5x100 ಅಂದ್ರೆ ಐದು ಬೋಲ್ಟು, 100 ಮಿಮೀ ವೃತ್ತ. ಒಂದೇ ಕಂಪನಿ ಕಾರು ತಾನೇ, ಕೂರುತ್ತೆ ಬಿಡು ಅಂತ ಹೇಳೋರ ಮಾತು ನಂಬಲೇಬೇಡಿ. ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಹಳೇದು 5x100, 2005ರ ಆಸುಪಾಸಿನಿಂದ 5x114.3. ಬಿಎಂಡಬ್ಲ್ಯು 3 ಸೀರೀಸ್‌ನಲ್ಲಿ ಎಫ್30 ತನಕ 5x120, ಜಿ20 ಬಂದಾಗ 5x112. ಹೋಂಡಾ ಸಿವಿಕ್ ಮಾಮೂಲಿ ಮಾಡೆಲ್ 5x114.3 ಇದ್ರೆ ಅದರದೇ ಟೈಪ್ ಆರ್ ಎಫ್‌ಕೆ8 5x120. ಹೆಸರು ಒಂದೇ, ಹಬ್ (ಕಾರಿನಲ್ಲಿ ವೀಲ್ ಕೂರೋ ಭಾಗ) ಬೇರೆ. ಇನ್ನು 5x112 ವೀಲನ್ನ 5x114.3 ಹಬ್ಬಿಗೆ ಬಿಗಿದು ಕೂರಿಸ್ತೀವಿ, ಎರಡು ಮಿಲಿಮೀಟರ್ ತಾನೇ ಅನ್ನೋರು ಇದ್ದಾರೆ. ಹಾಗೆ ಬಿಗಿದಾಗ ನಟ್ ಸೀಟಿನ ಮೇಲೆ, ಅಂದ್ರೆ ವೀಲಲ್ಲಿ ನಟ್ ಕೂರೋ ಜಾಗದಲ್ಲಿ, ನೆಟ್ಟಗೆ ಕೂರಲ್ಲ, ಸ್ಟಡ್ (ಹಬ್ಬಿಂದ ಹೊರಬಂದಿರೋ ಬೋಲ್ಟು) ಒಂದು ಕಡೆ ಬಾಗಿ ನಿಲ್ಲುತ್ತೆ, ಓಡ್ತಾ ಓಡ್ತಾ ನಟ್ ಸಡಿಲ ಆಗೋದೂ ಸ್ಟಡ್ ಮುರಿಯೋದೂ ಅಲ್ಲಿಂದಲೇ ಶುರು.

ಎರಡನೇದು ಸೆಂಟರ್ ಬೋರ್, ವೀಲಿನ ನಡುವಿನ ತೂತು. ಅಂಗಡಿಗೆ ಬರೋ ವೀಲ್‌ಗಳಲ್ಲಿ ಈ ತೂತು ಸಾಮಾನ್ಯವಾಗಿ ದೊಡ್ಡದೇ ಇರುತ್ತೆ, ಹತ್ತಾರು ಕಾರಿಗೆ ಒಂದೇ ವೀಲ್ ಮಾರಬೇಕಲ್ಲ. ಟೊಯೋಟಾ 86 ಹಬ್ 56.1 ಮಿಮೀ, ವೀಲಿನ ತೂತು 73.1 ಇತ್ತು ಅಂದ್ರೆ ದೊಡ್ಡ ಅಳತೆ ಬಳೆ ಸಣ್ಣ ಕೈಗೆ ಹಾಕಿದ ಹಾಗೆ ಆಡುತ್ತೆ. ಅದಕ್ಕೆ ಆ ಸಂದು ತುಂಬೋ ಹಬ್ ರಿಂಗ್ ಹಾಕ್ಬೇಕು. ಕಾರಿನ ಭಾರ ಹೊರೋದು ರಿಂಗ್ ಅಲ್ಲ, ನಟ್‌ಗಳು ವೀಲನ್ನ ಹಬ್ಬಿಗೆ ಒತ್ತಿ ಹಿಡಿಯೋ ಬಿಗಿ, ರಿಂಗ್ ಕೆಲಸ ಬಿಗಿಯುವಾಗ ವೀಲನ್ನ ಸರಿಯಾಗಿ ನಡುವಿಗೆ ತರೋದು. ನಡುವಿಗೆ ಬರದೇ ಹೋದ್ರೆ ಹೆದ್ದಾರಿ ವೇಗದಲ್ಲಿ ಸ್ಟೇರಿಂಗ್ ನಡುಗುತ್ತೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡ್ಸಿದ್ರೂ ಹೋಗಲ್ಲ. ಟ್ರ್ಯಾಕ್‌ಗೆ ಹೋಗೋ ಕಾರಾದ್ರೆ ಪ್ಲಾಸ್ಟಿಕ್ ರಿಂಗ್ ಬೇಡ, ಬ್ರೇಕ್ ಕಾವಿಗೆ ಕರಗಬಹುದು, ಅಲ್ಯೂಮಿನಿಯಂದೇ ಹಾಕ್ಸಿ. ಇನ್ನು ತೂತು ಹಬ್ಬಿಗಿಂತ ಚಿಕ್ಕದಿದ್ರೆ ಕಥೆ ಅಲ್ಲಿಗೇ ಮುಗೀತು, ವೀಲ್ ಕೂರೋದೇ ಇಲ್ಲ.

ಇಷ್ಟು ಸರಿ ಇದ್ರೂ ಜನ ಎಡವೋದು ಆಫ್‌ಸೆಟ್‌ನಲ್ಲಿ. ವೀಲಿನ ಮೇಲೆ ಇಟಿ ಅಂತ ಕೆತ್ತಿರೋ ನಂಬರ್ ಅದು. ವೀಲಿನ ಅಗಲದ ನಡು ಗೆರೆಯಿಂದ, ಹಬ್ಬಿಗೆ ಅಂಟೋ ಮುಖ ಎಷ್ಟು ಮಿಮೀ ಆಚೆ ಇದೆ ಅನ್ನೋ ಲೆಕ್ಕ. ಇಟಿ ಜಾಸ್ತಿ ಆದಷ್ಟೂ ವೀಲ್ ಒಳಕ್ಕೆ ಹೋಗುತ್ತೆ, ಕಮ್ಮಿ ಆದಷ್ಟೂ ಹೊರಕ್ಕೆ ಬರುತ್ತೆ. ಆದ್ರೆ ಇಟಿ ಒಂದನ್ನೇ ನೋಡಿದ್ರೆ ಪ್ರಯೋಜನ ಇಲ್ಲ, ಅಗಲದ ಜೊತೆ ಸೇರಿಸೇ ನೋಡ್ಬೇಕು.

ಅದೇ ಟೊಯೋಟಾ 86 ತಗೊಳ್ಳಿ, 17 ಇಂಚಿನ ಮಾಡೆಲ್‌ನಲ್ಲಿ ಕಂಪನಿ ವೀಲ್ 7 ಇಂಚು ಅಗಲ, ಇಟಿ 48. ಒಬ್ಬರು 18 ಇಂಚಿನ ವೀಲ್ ಆಸೆಪಟ್ರು, ಅಗಲ 8.5, ಇಟಿ 35 ಅಂತಿಟ್ಕೊಳ್ಳಿ. ಅಗಲ ಒಂದೂವರೆ ಇಂಚು ಜಾಸ್ತಿ ಆಯ್ತು, ಅದರ ಅರ್ಧ ಮುಕ್ಕಾಲು ಇಂಚು ಅಂದ್ರೆ 19 ಮಿಮೀ ಒಳಕ್ಕೂ ಅಷ್ಟೇ ಹೊರಕ್ಕೂ ಹಂಚಿಹೋಗುತ್ತೆ. ಇಟಿ 13 ಕಮ್ಮಿ ಆಗಿರೋದ್ರಿಂದ ಇಡೀ ವೀಲ್ 13 ಮಿಮೀ ಹೊರಕ್ಕೆ ಸರಿಯುತ್ತೆ. ಒಟ್ಟು ಸೇರಿ ಹೊರ ಅಂಚು 32 ಮಿಮೀ ಹೊರಗೆ, ಒಳ ಅಂಚು 6 ಮಿಮೀ ಒಳಗೆ. 32 ಮಿಮೀ ಅಂದ್ರೆ ಸ್ಕೇಲ್ ಇಟ್ಟು ನೋಡಿ, ಸುಮ್ನೆ ಅಲ್ಲ. ಅದೇ 8 ಇಂಚು ಅಗಲ ಇಟಿ 45 ಆಗಿದ್ರೆ ಹೊರಕ್ಕೆ ಸುಮಾರು 16, ಒಳಕ್ಕೆ 10 ಮಿಮೀ. ಎರಡೂ 18 ಇಂಚೇ ಸ್ವಾಮಿ! ಒಂದು ಫೆಂಡರ್ ಅಂಚಿನ ಹತ್ತಿರಕ್ಕೇ ಬರುತ್ತೆ, ಇನ್ನೊಂದು ಮರ್ಯಾದೆಯಾಗಿ ಕೂರುತ್ತೆ. ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಸಾಕು, ಎಕ್ಸ್‌ಪರ್ಟ್ ಬೇಕಾಗಿಲ್ಲ. ತಗೊಳ್ಳೋಕೆ ಮುಂಚೆ ಈಗಿರೋ ವೀಲಿನ ಒಳ ಅಂಚಿಂದ ಸ್ಟ್ರಟ್‌ಗೆ (ಸಸ್ಪೆನ್ಷನ್ ಕಂಬಕ್ಕೆ) ಎಷ್ಟು ಜಾಗ ಇದೆ, ಹೊರಗೆ ಫೆಂಡರ್‌ಗೆ ಎಷ್ಟಿದೆ ಅಂತ ಅಳೆದು ಬರ್ಕೊಂಡ್ರೆ ಮುಕ್ಕಾಲು ಪಾಲು ತಲೆನೋವು ಅಲ್ಲೇ ಕಳೀತು.

ಹೊರಗೆ ಬಂದ್ರೆ ಲುಕ್ ಚೆನ್ನಾಗಿರುತ್ತಲ್ಲ ಅಂತೀರಾ? ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ವೀಲ್ ಹೊರಕ್ಕೆ ಹೋದಷ್ಟೂ ಬೇರಿಂಗ್ ಮೇಲಿನ ಹೊರೆ ಜಾಸ್ತಿ, ಸ್ಟೇರಿಂಗ್ ಜಿಯೋಮೆಟ್ರಿ ಲೆಕ್ಕನೂ ತಪ್ಪುತ್ತೆ. ಬ್ರೇಕ್ ಒತ್ತಿದಾಗ ಇಲ್ಲಾ ರಸ್ತೆ ತಗ್ಗಿಗೆ ಒಂದು ಚಕ್ರ ಇಳಿದಾಗ ಸ್ಟೇರಿಂಗ್ ಆ ಕಡೆಗೆ ಎಳೆಯುತ್ತೆ. ಸ್ಪೋರ್ಟಿ ಕಾರು ತಗೊಳ್ಳೋದೇ ಸ್ಟೇರಿಂಗ್ ಹಿಡಿಯೋ ಖುಷಿಗೆ, ಅದನ್ನೇ ಹಾಳು ಮಾಡ್ಕೊಂಡು ಏನು ಸ್ಟೈಲು? ವೀಲಿಗೂ ಹಬ್ಬಿಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕೋರಿಗೂ ಇದೇ ಲೆಕ್ಕ, ಇಟಿ 45 ವೀಲಿಗೆ 10 ಮಿಮೀ ಸ್ಪೇಸರ್ ಹಾಕಿದ್ರೆ ಅದು ಇಟಿ 35 ಆದಂಗೆ, ಜೊತೆಗೆ ನಟ್‌ಗೆ ಸಿಗೋ ಥ್ರೆಡ್ ಕಮ್ಮಿ ಆಗುತ್ತೆ, ಹಾಗಾಗಿ ಉದ್ದದ ಸ್ಟಡ್ ಹಾಕ್ಸದೇ ದಪ್ಪ ಸ್ಪೇಸರ್ ಹಾಕೋದು ಹುಚ್ಚಾಟ.

ಬ್ರೇಕ್ ವಿಷಯ ನಿಮ್ಮ ಬರಹದಲ್ಲಿ ಸುಳಿಯಲೇ ಇಲ್ಲ. ದೊಡ್ಡ ಕ್ಯಾಲಿಪರ್ (ಬ್ರೇಕ್ ಡಿಸ್ಕ್ ಹಿಡಿಯೋ ಭಾಗ) ಇರೋ ಕಾರಲ್ಲಿ ಇಂಚು, ಇಟಿ, ಪಿಸಿಡಿ ಎಲ್ಲಾ ಸರಿ ಇದ್ದೂ ವೀಲಿನ ಕಡ್ಡಿಯ (ಸ್ಪೋಕ್) ಹಿಂಭಾಗ ಕ್ಯಾಲಿಪರ್‌ಗೆ ತಾಗಬಹುದು. ಒಂದೇ ಅಳತೆಯ ಎರಡು ಡಿಸೈನ್‌ನಲ್ಲಿ ಒಂದು ಕೂತು ಇನ್ನೊಂದು ಕೂರದೇ ಇರೋದು ಇದಕ್ಕೇನೇ, ಕಡ್ಡಿ ಎಷ್ಟು ಬಾಗಿದೆ ಅನ್ನೋದು ಇಟಿ ನಂಬರಲ್ಲಿ ಕಾಣಲ್ಲ. ಬ್ರೇಕ್ ಕಿಟ್ ಮಾಡೋ ಕಂಪನಿಗಳು ಕ್ಯಾಲಿಪರ್ ಆಕಾರದ ಟೆಂಪ್ಲೇಟ್ ಕೊಡ್ತವೆ, ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ ಕತ್ತರಿಸಿ ವೀಲ್ ಒಳಗೆ ಇಟ್ಟು ನೋಡಿದ್ರೆ ಗೊತ್ತಾಗಿಬಿಡುತ್ತೆ.

ಟೈರ್‌ಗೆ ಬರೋಣ. 86ರ ಮೂಲ ಟೈರ್ 215/45 ಆರ್17, ಅಂದ್ರೆ ಅಗಲ 215 ಮಿಮೀ, ಗೋಡೆಯ ಎತ್ತರ ಅದರ 45 ಪರ್ಸೆಂಟ್, ರಿಮ್ 17 ಇಂಚು, ಒಟ್ಟು ವ್ಯಾಸ ಸುಮಾರು 625 ಮಿಮೀ. 18ಕ್ಕೆ ಹೋಗುವಾಗ 225/40 ಹಾಕಿದ್ರೆ 637 ಆಗುತ್ತೆ, ಸುಮಾರು 2 ಪರ್ಸೆಂಟ್ ದೊಡ್ಡದು. 215/40 ಹಾಕಿದ್ರೆ 629, ಹತ್ತಿರ ಹತ್ತಿರ ಮೂಲದಷ್ಟೇ. ಆದ್ರೆ 215/40 ಆರ್18ನಲ್ಲಿ ಲೋಡ್ ಇಂಡೆಕ್ಸ್ (ಟೈರ್ ಹೊರೋ ಭಾರದ ನಂಬರ್) 85 ಇರೋದೂ ಬರುತ್ತೆ, 89 ಇರೋದೂ ಬರುತ್ತೆ. 85 ಅಂದ್ರೆ ಒಂದು ಟೈರ್ 515 ಕೆಜಿ ಹೊರುತ್ತೆ, 89 ಅಂದ್ರೆ 580. ಕಂಪನಿ ಟೈರ್ 87, ಅಂದ್ರೆ 545. ಹಾಗಾಗಿ 85 ತಗೊಂಡ್ರೆ ಮೂಲಕ್ಕಿಂತ ಕೆಳಗೆ ಇಳಿದಂಗೆ, ಸೈಜ್ ಸರಿ ಇದೆ ಅಂತ ಸುಮ್ಮನಾಗೋ ಹಾಗಿಲ್ಲ. ನಾಲ್ಕೂ ಚಕ್ರಕ್ಕೆ ಪವರ್ ಹೋಗೋ ಕಾರಾದ್ರೆ ಇನ್ನೊಂದು ಎಚ್ಚರ, ಹಿಂದೆ ಅಗಲ ಮುಂದೆ ಸಣ್ಣ ಅಂತ ಹಾಕ್ಸಿ ಒಟ್ಟು ವ್ಯಾಸ ಏರುಪೇರಾದ್ರೆ ಹಿಂದು ಮುಂದಿನ ಚಕ್ರಕ್ಕೆ ಪವರ್ ಹಂಚೋ ಸೆಂಟರ್ ಡಿಫರೆನ್ಷಿಯಲ್ ಇಡೀ ಹೊತ್ತು ತಿಕ್ಕಾಡ್ತಾ ಇರುತ್ತೆ.

ವೀಲಿಗೂ ಲೋಡ್ ರೇಟಿಂಗ್ ಇರುತ್ತೆ, ಹಿಂಭಾಗದಲ್ಲಿ ಕೆಜಿ ಲೆಕ್ಕದಲ್ಲಿ ಅಚ್ಚು ಹಾಕಿರ್ತಾರೆ. ಕಾರಿನ ಒಂದು ಆಕ್ಸಲ್ (ಒಂದು ಜೋಡಿ ಚಕ್ರದ ಅಚ್ಚು) ಹೊರಬಹುದಾದ ಗರಿಷ್ಠ ತೂಕದ ಅರ್ಧಕ್ಕಿಂತ ಅದು ಕಮ್ಮಿ ಇರಬಾರದು. ಜೆಡಬ್ಲ್ಯುಎಲ್, ವಿಐಎ ಗುರುತುಗಳೂ ಅಲ್ಲೇ ಇರುತ್ತವೆ, ಜಪಾನಿನ ಪರೀಕ್ಷೆ ಪ್ರಕಾರ ಮಾಡಿದ್ದು ಅಂತ ಅರ್ಥ, ಆದ್ರೆ ನಕಲಿ ಮಾಡೋರು ಅದನ್ನೂ ಅಚ್ಚು ಹಾಕ್ತಾರೆ ಅನ್ನೋದು ನೆನಪಿರಲಿ. ಫೋರ್ಜ್ಡ್ (ಲೋಹ ಒತ್ತಿ ಮಾಡಿದ) ವೀಲ್ ಹಗುರ ಮತ್ತು ಗಟ್ಟಿ, ಫ್ಲೋ ಫಾರ್ಮ್ಡ್ (ಎರಕದ ವೀಲಿನ ರಿಮ್ ಉರುಳೆಯಲ್ಲಿ ಒತ್ತಿದ್ದು) ನಡುವಿನದು, ಎರಕದ್ದು ಸಾಮಾನ್ಯವಾಗಿ ಭಾರ. ನನ್ನ ಕೇಳಿದ್ರೆ ಭಾರದ 18ಕ್ಕಿಂತ ಹಗುರದ 17 ಎಷ್ಟೋ ವಾಸಿ. ತೂಕ ಕಮ್ಮಿ ಆದ್ರೆ ಸಸ್ಪೆನ್ಷನ್‌ಗೆ ಚಕ್ರನ ರಸ್ತೆಗೆ ಒತ್ತಿ ಹಿಡಿಯೋದು ಸುಲಭ, ಕಾರು ಚುರುಕಾಗುತ್ತೆ, ಗುಂಡಿಗೆ ಬಿದ್ದಾಗ ಟೈರಿನ ಗೋಡೆ ದಪ್ಪ ಇರೋದ್ರಿಂದ ರಿಮ್ಮೂ ಉಳಿಯುತ್ತೆ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ, ಅದೊಂದೇ ಕೊರತೆ.

ಇಷ್ಟೆಲ್ಲಾ ಬರೆದಿದ್ದು ಯಾಕಂದ್ರೆ, ಇಂಥ ಕಾರಿನ ಫೋಟೋ ಹಾಕುವಾಗ ಕೆಳಗೆ ಒಂದು ಸಾಲು ಸೇರ್ಸಿ ಅಂತ ಕೇಳೋಕೆ. ವೀಲಿನ ಅಗಲ, ಇಟಿ, ಟೈರ್ ಸೈಜ್, ಸಸ್ಪೆನ್ಷನ್ ಇಳಿಸಿದ್ದಾರಾ, ಫೆಂಡರ್ ಒಳ ಅಂಚು ಮಡಚಿದ್ದಾರಾ, ಇಷ್ಟು ಇದ್ರೆ ಸಾಕು. ಫೆಂಡರ್ ಮಡಚಿಸಿ ಕೂರಿಸಿದ ವೀಲನ್ನ ನೋಡಿ ಮಾಮೂಲಿ ಕಾರಿನೋರು ಅದೇ ತಗೊಂಡು ಬರೋದು ಆಗಾದ್ರೂ ತಪ್ಪುತ್ತೆ. ಕಾರಿನ ಮಾಲೀಕರಿಗೆ ಈ ನಂಬರ್‌ಗಳು ಬಾಯಿಪಾಠ ಇರುತ್ತವೆ, ಕೇಳಿದ್ರೆ ಖುಷಿಯಿಂದ ಹೇಳ್ತಾರೆ.

ನಟ್ ಬಗ್ಗೆ ಹೇಳೋದು ಬಿಟ್ಟೇ ಹೋಗಿತ್ತು. ಕಂಪನಿ ವೀಲಿನ ನಟ್‌ನ ಹೊಸ ವೀಲಿಗೆ ಕಣ್ಣು ಮುಚ್ಚಿ ಹಾಕೋ ಹಾಗಿಲ್ಲ. ಹೋಂಡಾದೋರದ್ದು ಗುಂಡು ಸೀಟು, ಅಂಗಡಿ ವೀಲ್‌ಗಳಲ್ಲಿ ಹೆಚ್ಚಿನವು 60 ಡಿಗ್ರಿ ಇಳಿಜಾರಿನ ಸೀಟು, ಗುಂಡು ನಟ್ ಅದರಲ್ಲಿ ಕೂರೋದು ಬರೀ ಒಂದು ಗೆರೆಯಷ್ಟು ಜಾಗದಲ್ಲಿ. ಥ್ರೆಡ್ ಕೂಡ ನೋಡ್ಕೊಳ್ಳಿ, ಟೊಯೋಟಾ ಅಂದ ತಕ್ಷಣ ಎಂ12x1.5 (12 ಮಿಮೀ ದಪ್ಪ, ಥ್ರೆಡ್ ನಡುವೆ 1.5 ಮಿಮೀ) ಕೊಟ್ಟುಬಿಡ್ತಾರೆ, ಆದ್ರೆ 86 ಸುಬಾರು ಜೊತೆ ಸೇರಿ ಮಾಡಿದ ಕಾರು, ಅದರದ್ದು ಎಂ12x1.25. ಏರ್ ಗನ್‌ನಲ್ಲಿ ತಪ್ಪು ನಟ್ ಒತ್ತಿದ್ರೆ ಸ್ಟಡ್ ಹೋಯ್ತು ಅಂತಲೇ. ಮೊದಲು ಕೈಯಲ್ಲಿ ನಾಲ್ಕೈದು ಸುತ್ತು ತಿರುಗಿಸಿ, ಸಲೀಸಾಗಿ ಹೋದ್ರೆ ಮಾತ್ರ ಟಾರ್ಕ್ ರೆಂಚ್ ಹಿಡೀರಿ, 100 ಕಿಮೀ ಓಡಿಸಿದ ಮೇಲೆ ಇನ್ನೊಂದು ಸಲ ಬಿಗಿ ನೋಡಿ.

ಇಂತಿ,
ನಿಮ್ಮ ಪುರವಣಿಯ ಕಾಯಂ ಓದುಗ